ಕಳ್ಳಿ ಅಂದರೆ ಏನು ಮಾಡೋದು ಮೇಡಂ?

ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ, ಇರುವ ಹಿರಿಯರನ್ನು ಮನೆಯಲ್ಲಿ ನೋಡಿಕೊಳ್ಳುವವರಿಗೆ ತರಬೇತಿ ಕೊಡುವುದು ನನ್ನ ಕೆಲಸ. ಇರುವುದು ಬೆಂಗಳೂರಿನಲ್ಲಿ. ಮೊದಲು ನರ್ಸ್ ಆಗಿದ್ದೆ, ಈಗ ಪಾಠ ಮಾಡುತ್ತೇನೆ. ರಾಯಚೂರು, ಯಾದಗಿರಿ, ಕೊಳ್ಳೇಗಾಲದ ಕಡೆಯ ಹುಡುಗಿಯರೇ ಜಾಸ್ತಿ ಬರುತ್ತಾರೆ, ನಡುವೆ ಗಾರ್ಮೆಂಟ್ಸ್ ಬಿಟ್ಟು ಬಂದ ದೊಡ್ಡ ವಯಸ್ಸಿನ ಹೆಂಗಸರೂ ಇರುತ್ತಾರೆ. ಏಜೆನ್ಸಿಯವರು ಇವರನ್ನು 12 ಗಂಟೆ, ಇಲ್ಲವೇ 24 ಗಂಟೆ ಡ್ಯೂಟಿಗೆ ಹಾಕುತ್ತಾರೆ.

ಅವತ್ತು ಸ್ನಾನದ ಪಾಠ. ತಲೆ ಮೇಲೆ ಮೊದಲ ಚೊಂಬು ಸುರಿಯಬೇಡಿ, ಬೆಚ್ಚಿಬೀಳುತ್ತಾರೆ, ಪಾದದಿಂದ ಶುರು ಮಾಡಿ. ಚೊಂಬನ್ನು ಅವರ ಕೈಗೇ ಕೊಟ್ಟು, ಅದರ ಕೆಳಗೆ ನಿಮ್ಮ ಕೈ ಆನಿಸಿಕೊಳ್ಳಿ. ಬಚ್ಚಲ ಬಾಗಿಲಲ್ಲಿ ಕಪ್ಪು ಮ್ಯಾಟ್ ಇದ್ದರೆ ತೆಗೆದುಬಿಡಿ, ಅವರ ಕಣ್ಣಿಗೆ ಅದು ಗುಂಡಿ ಅಂತ ಕಾಣಬಹುದು. ಎಲ್ಲರೂ ಬರೆದುಕೊಳ್ಳುತ್ತಿದ್ದರು. ಹಿಂದೆ ಕೂತಿದ್ದ ಮದ್ದೂರಿನ ಕಡೆಯ ಒಬ್ಬಾಕೆ ಮಾತ್ರ ಪೆನ್ನು ಮುಟ್ಟಲಿಲ್ಲ. 'ಸ್ನಾನ ಮಾಡಿಸೋದು ನನಗೆ ಬರತ್ತೆ ಮೇಡಂ. ಕಳ್ಳಿ ಅಂದರೆ ಏನು ಮಾಡೋದು, ಅದನ್ನ ಹೇಳ್ಕೊಡಿ' ಅಂದರು.

ಹಿಂದೆ ಕೆಲಸಕ್ಕಿದ್ದ ಮನೆಯಲ್ಲಿ ಅಜ್ಜಿಯ ಬೆಂಡೋಲೆ ಕಾಣೆಯಾಗಿತ್ತಂತೆ. ಇವಳೇ ತಗೊಂಡಿದ್ದು ಅಂತ ಅಜ್ಜಿ ಬೆರಳು ತೋರಿಸಿ ಹೇಳಿದರಂತೆ. ಮನೆಯವರು ಈಕೆಯ ಬ್ಯಾಗನ್ನು ನಡುಮನೆಯಲ್ಲಿ ಸುರಿದು ನೋಡಿದರು, ಒಳಬಟ್ಟೆ ಸಮೇತ. ಏಜೆನ್ಸಿ ಆ ತಿಂಗಳ ಸಂಬಳ ಹಿಡಿಯಿತು. ಆಮೇಲೆ ಓಲೆ ಸಿಕ್ಕಿದ್ದು ಅಕ್ಕಿ ಡಬ್ಬದಲ್ಲಿ. ಅದನ್ನೂ ಈಕೆಗೆ ಹೇಳಿದ್ದು ಅಡುಗೆಯಾಕೆ, ಮನೆಯವರು ಒಂದು ಫೋನೂ ಮಾಡಲಿಲ್ಲ.

ಸ್ನಾನದ ಪಾಠ ಅಲ್ಲಿಗೇ ನಿಂತಿತು.

ನಾನು ಹೇಳಿದ್ದು ಇಷ್ಟು. ಅಜ್ಜಿ ಸುಳ್ಳು ಹೇಳುತ್ತಿಲ್ಲ. ಹೊಸದಾಗಿ ಆದದ್ದನ್ನು ಮೆದುಳು ಹಿಡಿದಿಟ್ಟುಕೊಳ್ಳುತ್ತಿಲ್ಲ. ಯಾರಾದರೂ ಎತ್ತಿಕೊಂಡು ಹೋದಾರು ಅನ್ನುವ ಭಯಕ್ಕೆ ಓಲೆಯನ್ನು ಬಚ್ಚಿಡುತ್ತಾರೆ, ಬಚ್ಚಿಟ್ಟದ್ದೇ ಮರೆತುಹೋಗುತ್ತದೆ, ಈಗ ಓಲೆ ಇಲ್ಲ, ಅಂದಮೇಲೆ ಯಾರೋ ಕದ್ದಿರಲೇಬೇಕಲ್ವಾ? ಆ ಯಾರೋ ಸಾಮಾನ್ಯವಾಗಿ ಹಗಲೂ ರಾತ್ರಿ ಪಕ್ಕದಲ್ಲಿರುವವರೇ. ಎಷ್ಟೋ ಮನೆಗಳಲ್ಲಿ ಸೊಸೆ ಕಳ್ಳಿಯಾಗುವುದೂ ಹೀಗೆಯೇ. ಡಿಮೆನ್ಶಿಯಾ ತರುವ ಒಂದು ಕಾಯಿಲೆಗೆ ಆಲ್‌ಝೈಮರ್ ಅನ್ನುವ ಜರ್ಮನ್ ಡಾಕ್ಟರ ಹೆಸರೇ ಇದೆ, 1906ರಲ್ಲಿ ಅವರು ಮೊದಲ ಸಲ ವಿವರಿಸಿದ ರೋಗಿಯೂ ಸಾಮಾನು ಎತ್ತಿಕೊಂಡು ಹೋಗಿ ಬಚ್ಚಿಡುತ್ತಿದ್ದಳು. ಆಕೆಯಲ್ಲಿ ಮೊದಲು ಕಂಡದ್ದು ಗಂಡನ ಮೇಲಿನ ಸಂಶಯ.

'ಅಷ್ಟು ಹಳೇದಾ ಈ ಕಥೆ!' ಅಂತ ಯಾರೋ ನಕ್ಕರು.

ಆಮೇಲೆ ನಾನೇ ಅಜ್ಜಿಯಾಗಿ ಕೂತೆ. 'ನನ್ನ ಓಲೆ ಕೊಡೇ ಕಳ್ಳಿ' ಅಂತ ಕೂಗಿದೆ. ಯಾದಗಿರಿಯ ಹುಡುಗಿ ದೇವರಾಣೆ ನಾ ತಗೊಂಡಿಲ್ಲ ಅಂತ ವಾದಕ್ಕೇ ಇಳಿದಳು. ವಾದ ಮಾಡಿದಷ್ಟೂ ನಾನು ಜೋರು ಮಾಡಿದೆ. ಮದ್ದೂರಿನಾಕೆ ಬೇರೆಯದೇ ದಾರಿ ಹಿಡಿದರು. 'ಓಲೆ ಕಾಣ್ತಿಲ್ವಾ ಅಮ್ಮ? ಹೊಟ್ಟೆ ಉರಿಯತ್ತೆ ಬಿಡಿ. ಯಾರು ಮಾಡಿಸಿಕೊಟ್ಟಿದ್ದು?' ಅಂದರು, ಪಕ್ಕದಲ್ಲೇ ಕೂತು. ಮದುವೆಯಲ್ಲಿ ಅಪ್ಪ ಮಾಡಿಸಿದ್ದು ಅಂದೆ. ಅದರಲ್ಲಿ ಕಲ್ಲಿತ್ತಾ, ಯಾವೂರ ಆಚಾರಿ ಮಾಡಿದ್ದು ಅಂತ ಕೇಳುತ್ತಾ ಹುಡುಕೋಕೆ ಎಬ್ಬಿಸಿದರು. ನಾನು ಅದಕ್ಕೆ ಒಂದೇ ಮಾತು ಸೇರಿಸಿದೆ. ವಸ್ತು ನಿಮ್ಮ ಕಣ್ಣಿಗೆ ಬಿದ್ದರೂ ನೀವು ಎತ್ತಬೇಡಿ, ಅವರ ಕೈಗೇ ಸಿಗುವ ಹಾಗೆ ಮಾಡಿ. ನೀವು ಎತ್ತಿಕೊಟ್ಟರೆ, ನೋಡು, ಎಲ್ಲಿ ಬಚ್ಚಿಟ್ಟಿದ್ದಳು ಅಂತಾರೆ.

ಆದರೆ ಅಜ್ಜಿಯನ್ನು ಹೇಗೋ ಸಮಾಧಾನ ಮಾಡಬಹುದು. ಬ್ಯಾಗು ಸುರಿದ ಮಗನಿಗೆ ಪಾಠ ಹೇಳುವವರು ಯಾರು? ನಿಮ್ಹಾನ್ಸ್ ಆಸ್ಪತ್ರೆಯ ಫೈಲು ಬೀರುವಿನಲ್ಲಿ ಭದ್ರವಾಗಿರುತ್ತದೆ, ನೋಡಿಕೊಳ್ಳೋಕೆ ಬಂದವರಿಗೆ ಮಾತ್ರ 'ಅಮ್ಮನಿಗೆ ಸ್ವಲ್ಪ ಮರೆವು ಅಷ್ಟೇ' ಅಂತ ಹೇಳಿರುತ್ತಾರೆ. ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಶಿಯಾ ಇದೆ ಅಂತ 2023ರಲ್ಲಿ ಬಂದ ಅಂದಾಜು ಹೇಳುತ್ತದೆ. ಅವರಲ್ಲಿ ಎಷ್ಟೋ ಜನರ ಮನೆಗಳಲ್ಲಿ ಒಬ್ಬರು ನೋಡಿಕೊಳ್ಳುವವರಿದ್ದಾರೆ, ಸಂಬಳಕ್ಕೋ ಸಂಬಂಧಕ್ಕೋ. ತರಬೇತಿ ಕೆಲಸದವರಿಗೆ ಮಾತ್ರ ಸಾಕು ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಮನೆಯವರೂ ಒಂದು ಗಂಟೆ ಬಂದು ಕೂರಲಿ ಅಂತ ಏಜೆನ್ಸಿಯವರನ್ನು ಕೇಳಿದರೆ, 'ದುಡ್ಡು ಕೊಡೋರು ಕ್ಲಾಸಿಗೆ ಬರ್ತಾರಾ ಮೇಡಂ' ಅಂತಾರೆ.

ಹಾಗಾಗಿ ಮಧ್ಯಾಹ್ನ ಊಟ ಆದಮೇಲೆ ಎಲ್ಲರೂ ಸೇರಿ ಒಂದು ಹಾಳೆ ತಯಾರು ಮಾಡಿದೆವು. ಕೆಲಸಕ್ಕೆ ಸೇರಿದ ದಿನವೇ ಅಜ್ಜಿ ಮೈಮೇಲಿರುವ ಒಡವೆ, ಕೈಗೆ ಸಿಗುವ ದುಡ್ಡು ಎಲ್ಲವನ್ನೂ ಮನೆಯವರ ಎದುರಿಗೇ ಬರೆದು, ಫೋಟೋ ತೆಗೆದು, ಸಹಿ ಹಾಕಿಸಿಕೊಳ್ಳುವುದು. ಬೆಲೆಬಾಳುವ ಒಡವೆಯನ್ನು ಮನೆಯವರೇ ಬೀಗ ಹಾಕಿಟ್ಟುಕೊಳ್ಳುವುದು. ಅಜ್ಜಿ ಬಚ್ಚಿಡುವ ಜಾಗಗಳು ಯಾವುವು ಅಂತ ಮೊದಲೇ ಕೇಳಿಕೊಳ್ಳುವುದು. ಸಂಶಯ ಪಡುವುದು ಈ ಕಾಯಿಲೆಯಲ್ಲಿ ಬರುವಂಥದ್ದು ಅನ್ನುವ ಸಾಲನ್ನು ದಪ್ಪ ಅಕ್ಷರದಲ್ಲಿ ಬರೆದೆವು. ಇಷ್ಟು ಹೊತ್ತು ಪೆನ್ನು ಮುಟ್ಟದವರು ಅದನ್ನು ಎರಡು ಸಲ ಬರೆದುಕೊಂಡರು, ಒಂದು ಪ್ರತಿ ಊರಲ್ಲಿ ಇದೇ ಕೆಲಸ ಮಾಡುವ ತಂಗಿಗಂತೆ.

ಹೊಸ ಮನೆಗೆ ಹೋದ ಮೇಲೆ ಅವರು ಸಹಿಯಾದ ಹಾಳೆಯ ಫೋಟೋ ವಾಟ್ಸಾಪಿನಲ್ಲಿ ಕಳಿಸಿದರು. ಮನೆ ಯಜಮಾನರು ಮೊದಲು ಮುಖ ಗಂಟಿಕ್ಕಿದರಂತೆ, ನಮ್ಮ ಮೇಲೇ ಅನುಮಾನಾನಾ ಅಂತ. ಸೊಸೆ ಮಾತ್ರ ಪೆನ್ನು ಇಸಿದುಕೊಂಡು, ಬಳೆ ಉಂಗುರದ ಕೆಳಗೆ ತಾವೇ ಸೇರಿಸಿದ್ದರು: ಕನ್ನಡಕ 2, ಹಲ್ಲು ಸೆಟ್ 1, ಟಿವಿ ರಿಮೋಟ್.