ಅದೇ ಪ್ಯಾರಾ, ಇನ್ನೊಂದು ಸಲ

18 ನವೆಂಬರ್ 2025, ಮಂಗಳವಾರ

ಇವತ್ತಿನಿಂದ ಮೂರನೇ ತರಗತಿಯಲ್ಲಿ ಸರದಿ ಓದು ಬಂದ್. ಒಬ್ಬರಾದ ಮೇಲೊಬ್ಬರು ಎದ್ದು ನಿಂತು ನಾಲ್ಕು ಸಾಲು ಓದುವುದು, ಉಳಿದವರು ಬೆರಳಿಟ್ಟು ಹಿಂಬಾಲಿಸುವುದು. ಹಿಂಬಾಲಿಸುತ್ತಾರೆ ಅಂತ ನಾವು ಅಂದುಕೊಳ್ಳುವುದು ಅಷ್ಟೇ. ತಮ್ಮ ಪಾಲಿಗೆ ಯಾವ ಸಾಲು ಬರುತ್ತದೆ ಎಂದು ಮೊದಲೇ ಲೆಕ್ಕ ಹಾಕಿ, ಅದನ್ನೇ ಒಳಗೊಳಗೆ ಉರು ಹೊಡೆಯುತ್ತಿರುತ್ತಾರೆ. 40 ನಿಮಿಷದ ಪೀರಿಯಡ್‌ನಲ್ಲಿ ಒಂದು ಮಗು ಬಾಯಿಬಿಟ್ಟು ಓದುವುದು ಹೆಚ್ಚೆಂದರೆ ಒಂದು ನಿಮಿಷ.

ಅದರ ಬದಲು ಜೋಡಿ ಓದು ಶುರುಮಾಡಿದೆ. ಸರಾಗವಾಗಿ ಓದುವ ಮಗು ಮೊದಲು ಓದಬೇಕು, ತಡವರಿಸುವ ಮಗು ಅದೇ ಭಾಗವನ್ನು ಆಮೇಲೆ ಓದಬೇಕು. ಗದ್ದಲವೋ ಗದ್ದಲ. ಪಕ್ಕದ ತರಗತಿಯವರು ಬಂದು ಇಣುಕಿ ಹೋದರು. ಹೋಗಲಿ.

ಜೋಡಿ ಸಿಗದೆ ಉಳಿದ ಹುಡುಗನ ಪಕ್ಕ ನಾನೇ ಕೂತೆ. ‘ಬೆಟ್ಟದ ಹಿಂದಿನಿಂದ ಸೂರ್ಯ ಮೆಲ್ಲಗೆ ಮೇಲೆ ಬಂದ’ ಎಂಬ ಸಾಲು. ‘ಸೂ... ಯ... ರ’ ಎಂದ. ಅವನ ತಪ್ಪೇನಿದೆ? ‘ರ್’ ಸದ್ದಿನ ಗುರುತಾದ ಅರ್ಕಾವೊತ್ತು ಕೂತಿರುವುದು ‘ಯ’ದ ಆಚೆ, ಬಾಯಲ್ಲಿ ಬರಬೇಕಾದದ್ದು ಅದಕ್ಕಿಂತ ಮುಂಚೆ. ಕಣ್ಣು ಒಮ್ಮೆ ಮುಂದೆ ಹೋಗಿ ಹಿಂದೆ ಬರಬೇಕು. ಇಂಥ ನಾಲ್ಕೈದು ಪದಗಳನ್ನು ಪಾಠಕ್ಕೆ ಮೊದಲೇ ಬೋರ್ಡಿನ ಮೇಲೆ ಬರೆದು ಎಲ್ಲರಿಂದ ಹೇಳಿಸಿಬಿಟ್ಟರೆ ಅರ್ಧ ತಡವರಿಕೆ ಅಲ್ಲೇ ಕಳೆಯುತ್ತದೆ.

ಅಂತೂ ಸಾಲು ಮುಗಿಯಿತು. ‘ಏನು ಓದಿದೆ, ಹೇಳು’ ಅಂದೆ. ‘ಬಂದ, ಮಿಸ್.’ ಯಾರು ಬಂದ, ಎಲ್ಲಿಂದ ಬಂದ, ಅದೆಲ್ಲ ದಾರಿಯಲ್ಲೇ ಉದುರಿಹೋಗಿತ್ತು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಕಾದು ಕೂತಿರುತ್ತದೆ. ಅಲ್ಲಿಯವರೆಗೆ ಇಡೀ ವಾಕ್ಯವನ್ನು ತಲೆಯಲ್ಲಿ ಹಿಡಿದುಕೊಂಡಿರಬೇಕು. ಗಮನವೆಲ್ಲ ಅಕ್ಷರ ಕೂಡಿಸುವುದಕ್ಕೇ ಖರ್ಚಾದರೆ ಅರ್ಥಕ್ಕೆ ಉಳಿಯುವುದೇನು? ಓದಿನ ಬಗ್ಗೆ ಸಂಶೋಧನೆ ಮಾಡಿದ ಅಮೆರಿಕದ ಲಾಬರ್ಜ್ ಮತ್ತು ಸ್ಯಾಮ್ಯುಯೆಲ್ಸ್ 1974ರಲ್ಲಿ ಮಂಡಿಸಿದ ಸಿದ್ಧಾಂತದ ತಿರುಳೂ ಇದೇ.

ಇದೇ ಸ್ಯಾಮ್ಯುಯೆಲ್ಸ್ 1979ರಲ್ಲಿ ಬರೆದ ಉಪಾಯ ಎಷ್ಟು ಸರಳ ಅಂದರೆ ನಂಬಲು ಕಷ್ಟ: ಚಿಕ್ಕದೊಂದು ಭಾಗವನ್ನು ಸಲೀಸಾಗಿ ಬರುವ ತನಕ ಮತ್ತೆ ಮತ್ತೆ ಓದಿಸಿ, ಆಮೇಲೆ ಮುಂದಿನದಕ್ಕೆ ಹೋಗಿ. ಬಾಯಿಪಾಠ ಆಗಿಬಿಡುವುದಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಆದರೆ ಸ್ಯಾಮ್ಯುಯೆಲ್ಸ್ ಕಂಡದ್ದು ಬೇರೆ. ಹೊಸ ಭಾಗದ ಮೊದಲ ಓದೇ ಹಿಂದಿನ ಭಾಗದ ಮೊದಲ ಓದಿಗಿಂತ ವೇಗವಾಗಿರುತ್ತಿತ್ತು, ಅದನ್ನು ಪಳಗಿಸಿಕೊಳ್ಳಲು ಬೇಕಾದ ಸಲಗಳೂ ಕಡಿಮೆಯಾಗುತ್ತಿದ್ದವು. ಓದು ಕಲಿಸುವ ಬಗೆಗಿನ ಸಂಶೋಧನೆಗಳನ್ನು ಪರಿಶೀಲಿಸಿದ ಅಮೆರಿಕದ ತಜ್ಞರ ಸಮಿತಿ ನ್ಯಾಷನಲ್ ರೀಡಿಂಗ್ ಪ್ಯಾನೆಲ್‌ನ 2000ದ ವರದಿಯೂ, ಯಾರಾದರೂ ಜತೆಗಿದ್ದು ತಿದ್ದುತ್ತ ಗಟ್ಟಿಯಾಗಿ ಮತ್ತೆ ಮತ್ತೆ ಓದಿಸುವುದನ್ನೇ ಎತ್ತಿಹಿಡಿಯಿತು.

ಹಾಗಾಗಿ ನಮ್ಮ ಸಾಲಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದೆ: ಬೆಟ್ಟದ ಹಿಂದಿನಿಂದ / ಸೂರ್ಯ / ಮೆಲ್ಲಗೆ ಮೇಲೆ ಬಂದ. ಮೊದಲು ನಾನೊಬ್ಬಳೇ ಓದಿದೆ, ಆಮೇಲೆ ಇಬ್ಬರೂ ಒಟ್ಟಿಗೆ, ಕೊನೆಗೆ ಅವನೊಬ್ಬನೇ. ಅವನು ಸಿಕ್ಕಿಕೊಂಡಾಗ ಬಾಯಿ ಹಾಕದೆ, ಮನಸ್ಸಿನಲ್ಲೇ ಮೂರು ಎಣಿಸುವುದು ನನ್ನ ಪದ್ಧತಿ. ಎಷ್ಟೋ ಸಲ ಎರಡಕ್ಕೇ ಅವನೇ ಬಿಡಿಸಿಕೊಳ್ಳುತ್ತಾನೆ. ಇಲ್ಲದಿದ್ದರೆ ಪದ ಹೇಳಿಕೊಟ್ಟು ವಾಕ್ಯವನ್ನು ಮೊದಲಿಂದ ಓದಿಸುತ್ತೇನೆ. ಗೆರೆಯ ಹತ್ತಿರ ನಿಂತು ಓದುವುದು ಬಂದ ಮೇಲೆ ‘ಮಿಸ್, ಇನ್ನೊಂದ್ಸಲ ಓದ್ಲಾ?’ ಎಂದು ಅವನೇ ಕೇಳಿದ.

ನಿಮಿಷಕ್ಕೆ ಎಷ್ಟು ಪದ ಸರಿಯಾಗಿ ಓದಿದರು ಎಂದು ಎಣಿಸುವ ಅಭ್ಯಾಸ ನನಗೂ ಇದೆ. ಆದರೆ ಯಾವ ತರಗತಿಗೆ ನಿಮಿಷಕ್ಕೆ ಎಷ್ಟು ಪದ ಎಂದು ಇಂಗ್ಲಿಷ್ ಓದಿಗೆ ಮಾಡಿದ ಪಟ್ಟಿ ತಂದು ಕನ್ನಡಕ್ಕೆ ಅಂಟಿಸುವುದು ಅನ್ಯಾಯ. ‘ಹೊರಟಿದ್ದವರನ್ನೆಲ್ಲ’ ಎಂಬುದು ನಮಗೆ ಒಂದೇ ಪದ. ಅಲ್ಲಿ ಅದಕ್ಕೆ ನಾಲ್ಕೈದು ಬೇಕು. ಆದ್ದರಿಂದ ಮಗುವಿನ ಇವತ್ತಿನ ಓದನ್ನು ಅದರದೇ ಹಿಂದಿನ ಓದಿನ ಜತೆ ಹೋಲಿಸುತ್ತೇನೆ, ಸ್ಟಾಪ್‌ವಾಚ್ ಮಕ್ಕಳಿಗೆ ತೋರಿಸುವುದಿಲ್ಲ. ತೋರಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ಮುಂದಿನ ಬೆಂಚಿನ ಹುಡುಗಿಯೇ ಸಾಕ್ಷಿ. ಎಲ್ಲಿ ಕಲಿತಳೋ, ಪೂರ್ಣವಿರಾಮ ಕಂಡರೂ ನಿಲ್ಲದೆ ಉಸಿರು ಬಿಗಿಹಿಡಿದು ಓದುತ್ತಾಳೆ. ಕಥೆಯಲ್ಲಿ ಯಾರು ಯಾರಿಗೆ ಹೇಳಿದ್ದು ಎಂದರೆ ಮುಖ ನೋಡುತ್ತಾಳೆ. ಅವಳ ಓದು ಚೆನ್ನಾಗಿದೆ ಎಂದು ಹೇಳುವವರೇ ಹೆಚ್ಚು. ನಾನು ಒಪ್ಪುವುದಿಲ್ಲ.

ಒಂದು ತೊಡಕಿದೆ. ಚುರುಕಾದ ಮಕ್ಕಳಿಗೆ ಮೂರನೇ ಸಲಕ್ಕೇ ಬೇಸರ, ಒಬ್ಬ ಆಕಳಿಸಿಯೇಬಿಟ್ಟ. ಮತ್ತೆ ಓದುವುದಕ್ಕೆ ಅವರಿಗೊಂದು ಕಾರಣ ಬೇಕು. ಪಾತ್ರ ಹಂಚಿ ನಾಟಕದ ಹಾಗೆ ಓದಿಸಿದರೆ, ಕೋಪದ ಮಾತನ್ನು ಕೋಪದಲ್ಲೇ ಹೇಳಬೇಕಲ್ಲ, ಅದಕ್ಕಾಗಿ ತಾವಾಗಿಯೇ ಹತ್ತು ಸಲ ಓದುತ್ತಾರೆ. ಸಂಭಾಷಣೆ ಹೆಚ್ಚಿರುವ ಪಾಠ ಈಗಿನ ಪುಸ್ತಕದಲ್ಲಿಲ್ಲ, ಎರಡನೇ ತರಗತಿಯದರಲ್ಲಿ ಒಂದಿದೆ. ತಡವರಿಸುವವರಿಗೂ ಅದೇ ಹದ, ಹತ್ತರಲ್ಲಿ ಒಂಬತ್ತು ಪದ ಗುರುತಾಗುವಂಥದ್ದು. ಚಿಕ್ಕವರ ಪುಸ್ತಕ ಕೊಟ್ಟರು ಅನ್ನಿಸದ ಹಾಗೆ ಬೇರೆ ಹಾಳೆಯಲ್ಲಿ ದೊಡ್ಡದಾಗಿ ಬರೆದುಕೊಡಬೇಕು, ಒಬ್ಬೊಬ್ಬರಿಗೆ ಒಂದೊಂದು ಪ್ರತಿ.