ಲ್ಯಾಂಡಿಂಗ್ ವೈರ್‌ಗೂ ಚಕ್ರಕ್ಕೂ ಸಂಬಂಧವಿಲ್ಲ

ಹಳೆಯ ಸಣ್ಣ ವಿಮಾನಗಳ ಮ್ಯಾನ್ಯುಯಲ್ ಹಿಡಿದವರಿಗೆ ಮೊದಲು ತಲೆ ಕೆಡಿಸುವುದು ಹೆಸರುಗಳು. ಟೈಗರ್ ಮಾತ್ ಬ್ರಿಟಿಷರದು, ಅದರ ಪುಸ್ತಕದಲ್ಲಿ ಚಕ್ರದ ಕಾಲಿಗೆ ಅಂಡರ್‌ಕ್ಯಾರೇಜ್, ಬಾಲದ ಅಡ್ಡ ರೆಕ್ಕೆಗೆ ಟೇಲ್‌ಪ್ಲೇನ್, ಮುಂದಿನ ಪಂಖಕ್ಕೆ ಏರ್‌ಸ್ಕ್ರೂ. ಎಚ್‌ಎಎಲ್‌ನ ಪುಷ್ಪಕ್ (1958) ಅಮೆರಿಕದ ಏರೋಂಕಾ ಚೀಫ್‌ನ ನೆಂಟ. ಆ ಕಡೆಯ ಪುಸ್ತಕದಲ್ಲಿ ಅವೇ ಸಾಮಾನು ಲ್ಯಾಂಡಿಂಗ್ ಗೇರ್, ಸ್ಟೆಬಿಲೈಸರ್, ಪ್ರೊಪೆಲ್ಲರ್. ಇದಕ್ಕೆ ಒಂದು ಪಟ್ಟಿ ಬರೆದಿಟ್ಟುಕೊಂಡರೆ ಸಾಕು.

ಕಷ್ಟ ಇರುವುದು ತಂತಿಗಳಲ್ಲಿ. ಅವುಗಳ ಹೆಸರು ಎಲ್ಲಿವೆ ಎನ್ನುವುದನ್ನು ಹೇಳುವುದಿಲ್ಲ, ಯಾವಾಗ ಭಾರ ಹೊರುತ್ತವೆ ಎನ್ನುವುದನ್ನು ಹೇಳುತ್ತವೆ. ಎರಡು ರೆಕ್ಕೆಯ ವಿಮಾನದಲ್ಲಿ ಕೆಳಗಿನ ಬುಡದಿಂದ ಮೇಲಿನ ರೆಕ್ಕೆಯ ಹೊರತುದಿಯ ಕಡೆಗೆ ಹೋಗುವುದು ಫ್ಲೈಯಿಂಗ್ ವೈರ್. ಹಾರುವಾಗ ರೆಕ್ಕೆ ಮೇಲಕ್ಕೆ ಮಡಚದಂತೆ ಎಳೆದು ಹಿಡಿಯುತ್ತದೆ. ಮೇಲಿನ ಬುಡದಿಂದ ಕೆಳಗಿನ ಹೊರತುದಿಗೆ ಇಳಿಯುವುದು ಲ್ಯಾಂಡಿಂಗ್ ವೈರ್. ನೆಲದ ಮೇಲೆ ನಿಂತಾಗ ರೆಕ್ಕೆ ಜೋತುಬೀಳದಂತೆ ತಡೆಯುತ್ತದೆ.

ರೆಕ್ಕೆಗೆ ಹೊದಿಸಿದ ಬಟ್ಟೆಯೊಳಗೆ ಇನ್ನೊಂದು ಜೋಡಿ ಇದೆ. ಮುಂದಿನ ಸ್ಪಾರ್‌ನ (ರೆಕ್ಕೆಯ ಉದ್ದಕ್ಕೂ ಹೋಗುವ ತೊಲೆ) ಒಳಬದಿಯಿಂದ ಹಿಂದಿನ ಸ್ಪಾರ್‌ನ ಹೊರಬದಿಗೆ ಹೋದರೆ ಡ್ರ್ಯಾಗ್ ವೈರ್, ಅದಕ್ಕೆ ಅಡ್ಡಲಾಗಿ ಹೋದರೆ ಆ್ಯಂಟಿ-ಡ್ರ್ಯಾಗ್. ಗಾಳಿ ರೆಕ್ಕೆಯ ತುದಿಯನ್ನು ಹಿಂದಕ್ಕೆ ತಳ್ಳಿದಾಗ ಬಿಗಿಯುವುದು ಮೊದಲನೆಯದು. ಇವೆರಡರ ಬಿಗಿ ಸಮ ಇಲ್ಲದಿದ್ದರೆ ರೆಕ್ಕೆ ಹಿಂದಕ್ಕೋ ಮುಂದಕ್ಕೋ ಬಾಗುತ್ತದೆ. ನೋಡುವ ಕ್ರಮ ನಮ್ಮ ಮೇಸ್ತ್ರಿಗಳದೇ: ಪಾಯ ಹಾಕುವಾಗ ದಾರ ಹಿಡಿದು ಮೂಲೆಯಿಂದ ಮೂಲೆಗೆ ಅಳೆಯುತ್ತಾರಲ್ಲ, ಹಾಗೆ ಚೌಕಾಕಾರದ ಪ್ರತಿ ಅಂಕಣದ ಎರಡೂ ಕರ್ಣ ಸಮ ಬರಬೇಕು. ಇಲ್ಲಿ ದಾರದ ಬದಲು ಟ್ರ್ಯಾಮಲ್ ಎಂಬ ಅಳತೆ ಪಟ್ಟಿ.

ಕಂಟ್ರೋಲ್ ಕೇಬಲ್‌ಗಳನ್ನು ಬಿಗಿ ಮಾಡುವುದು ಟರ್ನ್‌ಬಕಲ್. ಹಾಸನದ ಕಡೆ ಟ್ರ್ಯಾಕ್ಟರ್‌ನ ಟಾಪ್ ಲಿಂಕ್ ತಿರುಗಿಸಿದವರಿಗೆ ಇದು ಹೊಸದಲ್ಲ: ಒಂದು ಕಡೆ ಎಡ ಮರೆ (ಥ್ರೆಡ್), ಇನ್ನೊಂದು ಕಡೆ ಬಲ ಮರೆ. ಬ್ಯಾರಲ್‌ನ, ಅಂದರೆ ತಿರುಗಿಸುವ ನಡುವಿನ ಕೊಳವೆಯ, ಮೇಲೆ ಸುತ್ತ ಗೀರು ಇರುವ ತುದಿ ಎಡ ಮರೆಯದು. ಎರಡೂ ತುದಿ ಒಟ್ಟಿಗೇ ಕಚ್ಚುವಂತೆ ಶುರು ಮಾಡಿ. ಒಂದು ಮೊದಲು ಒಳಹೋದರೆ ಇನ್ನೊಂದಕ್ಕೆ ಹಿಡಿತ ಸಾಲದೆ ಭಾರ ಬಿದ್ದಾಗ ಕಿತ್ತುಬರುತ್ತದೆ. ಬಿಗಿಯಾದ ಮೇಲೆ ಒಂದೊಂದು ಕಡೆ ಮೂರಕ್ಕಿಂತ ಹೆಚ್ಚು ಮರೆ ಹೊರಗೆ ಕಾಣಬಾರದು. ಆಮೇಲೆ ಬ್ಯಾರಲ್ ತಾನಾಗಿ ತಿರುಗದಂತೆ ಲಾಕ್ ವೈರ್ ಹಾಕಿ, ಕೊನೆಗೆ ಕನಿಷ್ಠ ನಾಲ್ಕು ಸುತ್ತು ಬರಲಿ.

ಇನ್ನು ಡೋಪ್. ಅಮಲಿನ ಮಾತಲ್ಲ, ಬಟ್ಟೆಗೆ ಬಳಿದರೆ ಒಣಗುತ್ತಾ ಅದನ್ನು ತಮಟೆಯಂತೆ ಬಿಗಿಸುವ ಸೆಲ್ಯುಲೋಸ್ ಲ್ಯಾಕರ್. ಚಿಕ್ಕಮಗಳೂರಿನ ಆಷಾಢದಲ್ಲಿ ಇದನ್ನು ಬಳಿಯಲು ಹೋಗಬೇಡಿ. ಥಿನ್ನರ್ ಆರುವಾಗ ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುತ್ತದೆ, ಬಿಳಿ ಕಲೆ ಏಳುತ್ತದೆ, ಆ ಪದರಕ್ಕೆ ಗಟ್ಟಿತನ ಕಡಿಮೆ. ಕಲೆ ತೆಳುವಾಗಿದ್ದರೆ ಒಣ ಹವೆಯ ದಿನ ನೋಡಿಕೊಂಡು, ನಿಧಾನವಾಗಿ ಆರುವ ರಿಟಾರ್ಡರ್ ಬೆರೆಸಿದ ಥಿನ್ನರನ್ನು ಹಗುರವಾಗಿ ಸ್ಪ್ರೇ ಮಾಡಿದರೆ ಬಿಟ್ಟುಹೋಗುತ್ತದೆ.