ಆ ಆಗಸ್ಟ್ 15ರ ಬೆಳಿಗ್ಗೆ

1992ರಲ್ಲಿ ನಾನು ಹನೂರಿನ ನಮ್ಮ ಶಾಲೆಯಲ್ಲಿ ಒಂಬತ್ತನೇ ತರಗತಿ. ಆಗಸ್ಟ್ ಬಂತು ಅಂದರೆ ಪಾಠಕ್ಕಿಂತ ಡ್ರಿಲ್ಲೇ ಜಾಸ್ತಿ. ಸ್ವಾತಂತ್ರ್ಯ ದಿನದ ಕವಾಯತು ಕಲಿಸೋಕೆ ಠಾಣೆಯಿಂದ ಒಬ್ಬ ಪೇದೆ ಬರುತ್ತಿದ್ದರು. ಹೆಸರು ಹಾಕಬೇಡ ಅಂತ ಅವರೇ ಹೇಳಿದ್ದಾರೆ, ಹಾಗಾಗಿ ನಾವು ಕರೆಯುತ್ತಿದ್ದ ಹಾಗೆ ಡ್ರಿಲ್ ಅಣ್ಣ ಅಂತಲೇ ಬರೆಯುತ್ತೇನೆ. ಏಳೂವರೆಗೆ ಡ್ರಿಲ್ ಅಂದರೆ ಏಳಕ್ಕೇ ಬಂದು, ಸೈಕಲ್ಲನ್ನು ಬೇವಿನ ಮರಕ್ಕೆ ಒರಗಿಸಿ, ಮೈದಾನದಲ್ಲಿ ಬಗ್ಗಿಕೊಂಡು ಕಲ್ಲು ಆರಿಸುತ್ತಿದ್ದರು. ಬರಿಗಾಲಲ್ಲಿ ಬರುವ ಮಕ್ಕಳೇ ಹೆಚ್ಚು ಇದ್ದೆವು, ಅದಕ್ಕೆ.

ಅವರ ದನಿ ಈಗಲೂ ಕಿವಿಯಲ್ಲಿದೆ. 'ಸಾವಧಾನ್' ಅಂತ ಎಳೆದು ಕೂಗಿದರೆ ಸಂತೆಮಾಳದವರೆಗೂ ಕೇಳುತ್ತಿತ್ತು. ಮಧ್ಯೆ ಹತ್ತು ನಿಮಿಷ ನೆರಳಲ್ಲಿ ಕೂರಿಸುತ್ತಿದ್ದರು. ಆಗ ನಾವು ಕೇಳುತ್ತಿದ್ದುದು ಒಂದೇ, ಕಾಡಿನ ಸುದ್ದಿ.

ಈಗಿನ ಮಕ್ಕಳಿಗೆ ಆ ವರ್ಷಗಳು ಹೇಗಿದ್ದವು ಅಂತ ಹೇಳಬೇಕು. ಕತ್ತಲಾದ ಮೇಲೆ ರಾಮಾಪುರದ ಕಡೆ, ಬೆಟ್ಟದ ಕಡೆ ಹೋಗೋಕೆ ಯಾರೂ ಒಪ್ಪುತ್ತಿರಲಿಲ್ಲ. ಕಾಡಂಚಿನ ಊರುಗಳಿಂದ ಬರುವ ನಮ್ಮ ಜೊತೆಯವರು ಸಂಜೆ ನಾಲ್ಕಾದರೆ ಕಿಟಕಿ ಕಡೆ ನೋಡೋಕೆ ಶುರು ಮಾಡುತ್ತಿದ್ದರು. ವೀರಪ್ಪನ್ ಹಿಡಿಯೋಕೆ ಅಂತ 1990ರಲ್ಲೇ ವಿಶೇಷ ಕಾರ್ಯಪಡೆ ಬಂದಿತ್ತು. 1991ರ ನವೆಂಬರ್ 10ರಂದು ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು, ಶರಣಾಗುತ್ತೇನೆ ಅಂತ ನಂಬಿಸಿ ಕರೆಸಿಕೊಂಡು ಕೊಂದಿದ್ದ. 1992ರ ಫೆಬ್ರವರಿಯಲ್ಲಿ ಅವನ ಬಲಗೈ ಬಂಟ ಗುರುನಾಥನ್ ಪೊಲೀಸರ ಕೈಗೆ ಸಿಕ್ಕಿ ಸತ್ತ. ಅವನನ್ನು ಹಿಡಿದವರು ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್. ಆ ಸೇಡಿಗೆ ಮೇ ತಿಂಗಳಲ್ಲಿ ರಾಮಾಪುರ ಠಾಣೆಗೆ ನುಗ್ಗಿ ಐವರು ಪೊಲೀಸರನ್ನು ಕೊಂದರು, ಬಂದೂಕುಗಳನ್ನೂ ಹೊತ್ತುಕೊಂಡು ಹೋದರು.

ನಮಗೆ ಶಕೀಲ್ ಅಹಮದ್ ಅಂದರೆ ಅಷ್ಟಿಷ್ಟು ಅಭಿಮಾನವಲ್ಲ. ನಾನು ಅವರನ್ನು ಹತ್ತಿರದಿಂದ ನೋಡಿಲ್ಲ, ಮಾತಾಡಿಸಿಯೂ ಇಲ್ಲ. ಆದರೆ ಹುಡುಗರ ಆಟದಲ್ಲಿ 'ನಾನು ಶಕೀಲ್ ಸಾಹೇಬ್ರು' ಅಂತ ಜಗಳ ಬೀಳುತ್ತಿತ್ತು. ಕಳ್ಳನಾಗೋಕೆ ಯಾರೂ ಸಿಗುತ್ತಿರಲಿಲ್ಲ. ಡ್ರಿಲ್ ಅಣ್ಣ ಅವರ ಹೆಸರು ಹೇಳುವಾಗ ತಮಗೇ ಗೊತ್ತಿಲ್ಲದ ಹಾಗೆ ಬೆನ್ನು ನೆಟ್ಟಗೆ ಮಾಡುತ್ತಿದ್ದರು.

ಆಗಸ್ಟ್ 14 ಶುಕ್ರವಾರ. ಮಧ್ಯಾಹ್ನದ ಮೇಲೆ ಪಾಠ ಇರಲಿಲ್ಲ. ಬಣ್ಣದ ಕಾಗದ ಕತ್ತರಿಸಿ, ಮೈದಾ ಅಂಟು ಹಚ್ಚಿ, ಹುರಿಗೆ ಅಂಟಿಸುತ್ತಾ ಕೂತಿದ್ದೆವು. ಸಂಜೆ ಹೊತ್ತಿಗೆ ಬಸ್‌ಸ್ಟ್ಯಾಂಡಿನ ಕಡೆಯಿಂದ ಯಾರೋ ಬಂದು ಹೆಡ್‌ಮಾಸ್ಟರ ಕಿವಿಯಲ್ಲಿ ಏನೋ ಹೇಳಿದರು. ಅವರು ಹಾಗೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ಮೀಣ್ಯಂ ಹತ್ತಿರ ಕಾಡಿನಲ್ಲಿ ಪೊಲೀಸರ ಮೇಲೆ ಗುಂಡು ಹಾರಿದೆ ಅಂತ ಮಾತ್ರ ಗೊತ್ತಾಯಿತು. ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಬೆಳಗಾಗುವಷ್ಟರಲ್ಲಿ ಊರಿಗೆಲ್ಲ ಗೊತ್ತಿತ್ತು. ಸುಳ್ಳು ಸುಳಿವು ಕೊಟ್ಟು ಬಲೆಗೆ ಕರೆಸಿಕೊಂಡಿದ್ದಾರೆ. ಮೈಸೂರು ಜಿಲ್ಲೆಯ ಎಸ್‌ಪಿ ಟಿ. ಹರಿಕೃಷ್ಣ, ಶಕೀಲ್ ಅಹಮದ್, ಜೊತೆಗಿದ್ದ ನಾಲ್ವರು ಪೊಲೀಸರು, ಒಟ್ಟು ಆರು ಜನ ಸತ್ತಿದ್ದರು. ಚಾಮರಾಜನಗರ ಜಿಲ್ಲೆ ಆಗ ಇನ್ನೂ ಹುಟ್ಟಿರಲಿಲ್ಲ, ಹನೂರು ಸೇರಿದ್ದು ಮೈಸೂರಿಗೇ. ಅಂದರೆ ಹೋದದ್ದು ನಮ್ಮ ಎಸ್‌ಪಿ. ಅಷ್ಟು ದೊಡ್ಡ ಅಧಿಕಾರಿ ಕಚೇರಿಯಲ್ಲಿ ಕೂತು ಬೇರೆಯವರನ್ನು ಕಳಿಸಬಹುದಿತ್ತು, ಅಲ್ವಾ? ತಾವೇ ಹೋದರು. ಇದನ್ನು ನಾನು ಎಷ್ಟು ಸಲ ಯೋಚಿಸಿದ್ದೇನೋ ಲೆಕ್ಕವಿಲ್ಲ.

ಡ್ರಿಲ್ ಅಣ್ಣ ಬರುವುದಿಲ್ಲ ಅಂದುಕೊಂಡಿದ್ದೆವು. ಆದರೆ ನಾವು ಹೋಗುವಷ್ಟರಲ್ಲಿ ಸೈಕಲ್ ಬೇವಿನ ಮರಕ್ಕೆ ಒರಗಿತ್ತು. ರಾತ್ರಿಯೆಲ್ಲ ಡ್ಯೂಟಿ ಮಾಡಿದ್ದರು. ಕಣ್ಣು ಕೆಂಪಗಿತ್ತು. ಗಡ್ಡ ಮಾತ್ರ ನುಣ್ಣಗೆ ಹೆರೆದಿತ್ತು, ಬೂಟು ಹೊಳೆಯುತ್ತಿತ್ತು. ಕೈಯಲ್ಲಿ ಒಂದು ಹಿಡಿ ಕಲ್ಲು. ಅವತ್ತೂ ಮೈದಾನದ ಕಲ್ಲು ಆರಿಸುತ್ತಿದ್ದರು.

ನಮ್ಮನ್ನು ಸಾಲಾಗಿ ನಿಲ್ಲಿಸಿದರು. ಹೆಡ್‌ಮಾಸ್ಟರು ಬಾವುಟದ ಕಂಬದ ಹತ್ತಿರ ನಿಂತರು. ಡ್ರಿಲ್ ಅಣ್ಣ ಎದೆ ಉಬ್ಬಿಸಿ, ಬಾಯಿ ತೆರೆದು, 'ಸಾವ...' ಅಂದರು. ಅಲ್ಲಿಗೆ ದನಿ ನಿಂತಿತು. ಇನ್ನೊಂದು ಸಲ ಪ್ರಯತ್ನಿಸಿದರು. ಬರಲಿಲ್ಲ. ಇನ್ನೂರು ಮಕ್ಕಳಿದ್ದ ಮೈದಾನದಲ್ಲಿ ಬಣ್ಣದ ಕಾಗದ ಗಾಳಿಗೆ ಪಟಪಟ ಅನ್ನುವ ಸದ್ದೊಂದೇ. ಆಮೇಲೆ ನಮ್ಮ ತರಗತಿಯ ಲೀಡರ್ ಹುಡುಗಿ, ಯಾರೂ ಹೇಳದೆ, ಸಾಲಿನಿಂದ ಒಂದು ಹೆಜ್ಜೆ ಮುಂದೆ ಬಂದು ಸಣ್ಣ ದನಿಯಲ್ಲಿ 'ಸಾವಧಾನ್' ಅಂದಳು. ನಾವೆಲ್ಲ ಕಾಲು ಜೋಡಿಸಿದೆವು. ಡ್ರಿಲ್ ಅಣ್ಣನೂ ಜೋಡಿಸಿದರು.

ಬಾವುಟ ಏರಿತು. ಹೆಡ್‌ಮಾಸ್ಟರು ಬರೆದು ತಂದಿದ್ದ ಭಾಷಣ ಜೇಬಿನಿಂದ ತೆಗೆಯಲೇ ಇಲ್ಲ. ಹರಿಕೃಷ್ಣ, ಶಕೀಲ್ ಅಹಮದ್ ಅಂತ ಎರಡು ಹೆಸರು ಹೇಳಿದರು. ಉಳಿದ ನಾಲ್ವರ ಹೆಸರು ಆಗಿನ್ನೂ ಗೊತ್ತಿರಲಿಲ್ಲ. 'ಅವರೂ ನಮ್ಮವರೇ' ಅಂದರು. ಎರಡು ನಿಮಿಷ ಮೌನ. ಬೂಂದಿ ಪೊಟ್ಟಣ ಕೊಟ್ಟರು. ನಾನು ತಿನ್ನದೆ ಮನೆಗೆ ತಗೊಂಡು ಹೋದೆ.

ಮುಂದಿನದು ಎಲ್ಲರಿಗೂ ಗೊತ್ತು. 1993ರ ಏಪ್ರಿಲ್‌ನಲ್ಲಿ ಪಾಲಾರ್ ನೆಲಬಾಂಬ್ ಸ್ಫೋಟ, 22 ಸಾವು. ವೀರಪ್ಪನ್ ಸತ್ತಿದ್ದು 2004ರ ಅಕ್ಟೋಬರ್ 18ಕ್ಕೆ.

ಮೈಸೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ, ಯಾವ ಊರು ಅಂತ ಕೇಳಿದವರಿಗೆ ಹನೂರು ಅಂದರೆ ಸಾಕು, ಮುಂದಿನ ಪ್ರಶ್ನೆ 'ನೀವು ವೀರಪ್ಪನ್ನ ನೋಡಿದ್ರಾ?' ಮೂವತ್ತು ವರ್ಷದಿಂದ ಇದೇ ಪ್ರಶ್ನೆ. ಅವನ ಮೀಸೆ, ಅವನ ಕಾಡು, ಅವನ ದಂತ. ಹರಿಕೃಷ್ಣ ಯಾರು, ಶಕೀಲ್ ಅಹಮದ್ ಯಾರು ಅಂತ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ನನಗೆ ಇದು ತುಂಬಾ ನೋವು ಕೊಡುತ್ತದೆ. ಅದಕ್ಕೇ ಈಗ ಯಾರಾದರೂ ಕೇಳಿದರೆ ವೀರಪ್ಪನ್ ಬಗ್ಗೆ ಒಂದು ಮಾತೂ ಆಡುವುದಿಲ್ಲ. ಆ ಆಗಸ್ಟ್ 15ರ ಕಥೆ ಹೇಳುತ್ತೇನೆ.

ಪ್ರತಿ ವರ್ಷ ಅಕ್ಟೋಬರ್ 21 ಪೊಲೀಸ್ ಹುತಾತ್ಮರ ದಿನ. 1959ರಲ್ಲಿ ಲಡಾಖಿನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಚೀನಾ ಸೈನಿಕರ ಗುಂಡಿಗೆ ಹತ್ತು ಪೊಲೀಸರು ಬಲಿಯಾದ ದಿನ ಅದು. ನನಗೆ ಇದನ್ನು ಹೇಳಿಕೊಟ್ಟವರೂ ಡ್ರಿಲ್ ಅಣ್ಣನೇ. ನಾನು ಆ ದಿನ ಅವರಿಗೆ ತಪ್ಪದೆ ಫೋನ್ ಮಾಡುತ್ತೇನೆ. ನಿವೃತ್ತಿಯಾಗಿ ಎಷ್ಟೋ ವರ್ಷವಾಯಿತು, ಮಂಡಿ ನೋವು, ಸೈಕಲ್ ಬಿಟ್ಟಿದ್ದಾರೆ.

ಈ ಸಂಚಿಕೆಗೆ ಬರಿ ಅಂತ ಶಾಲೆಯಿಂದ ಫೋನ್ ಬಂದಾಗ ನಾನು ಒಂದು ಕೇಳಿಕೊಂಡೆ. ಬರುವ ಆಗಸ್ಟ್ 15ಕ್ಕೆ ಬಾವುಟ ಏರಿಸುವ ಮೊದಲು, ಮೀಣ್ಯಂನಲ್ಲಿ ಸತ್ತ ಆರು ಜನರ ಹೆಸರನ್ನೂ ಒಬ್ಬ ಹುಡುಗನೋ ಹುಡುಗಿಯೋ ಮೈಕಿನಲ್ಲಿ ಓದಲಿ ಅಂತ. ಈಗಿನ ಹೆಡ್‌ಮಾಸ್ಟರು ಒಪ್ಪಿದರು. ತಕ್ಷಣ ಡ್ರಿಲ್ ಅಣ್ಣನಿಗೆ ಫೋನ್ ಹಚ್ಚಿದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, 'ಎಷ್ಟು ಗಂಟೆಗೆ?' ಅಂದರು.

ಏಳೂವರೆಗೆ ಅಂದೆ.

'ಸರಿ, ಏಳಕ್ಕೇ ಬಂದಿರ್ತೀನಿ' ಅಂದರು.